ಅಂಬಾಸಿಡರ್ ಇಂಗ್ಲೆಂಡಿನವರು ಬಿಸಾಕಿದ ಕಾರಾ? ಮಾರಿಸ್ ಆಕ್ಸ್‌ಫರ್ಡ್‌ನ ಕಥೆ

ಪ್ರಶ್ನೆ: ನಮ್ಮ ಮಾವನವರ ಹಳೇ ಅಂಬಾಸಿಡರ್ ಇನ್ನೂ ಶೆಡ್ಡಿನಲ್ಲಿದೆ. ಕಾಗದಪತ್ರದಲ್ಲಿ 1961ರ ಮಾಡೆಲ್ ಅಂತಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ತಮ್ಮ ಅಲ್ಲಿನ ಹಳೇ ಕಾರುಗಳ ಪ್ರದರ್ಶನಕ್ಕೆ ಹೋಗಿದ್ದಾಗ ‘ಮಾರಿಸ್ ಆಕ್ಸ್‌ಫರ್ಡ್’ ಅನ್ನುವ ಕಾರಿನ ಫೋಟೋ ಕಳಿಸಿದ. ಥೇಟ್ ನಮ್ಮದೇ ಕಾರು! ಆದರೆ ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಕಾರಿತ್ತು. ಅದರ ಹಿಂಭಾಗದಲ್ಲಿ ಚೂಪು ರೆಕ್ಕೆ, ಮುಖ ಪೂರ್ತಿ ಬೇರೆ. ಇವೆರಡೂ ಒಂದೇ ಕಾರು ಹೇಗಾಗುತ್ತೆ? ಇಂಗ್ಲೆಂಡಿನಲ್ಲಿ ಓಡದ ಮಾಡೆಲನ್ನು ನಮಗೆ ಅಂಟಿಸಿದರು ಅಂತ ಮಾವ ಯಾವಾಗಲೂ ಹೇಳುತ್ತಾರೆ. ನಿಜವಾ? ಕಾರನ್ನು ಮತ್ತೆ ಓಡಿಸುವ ಆಸೆಯಿದೆ. ಅಲ್ಲಿಂದ ಬಿಡಿಭಾಗ ತರಿಸಿದರೆ ಇದಕ್ಕೆ ಹೊಂದುತ್ತಾ?

ಉತ್ತರ: ಮೊದಲು ಮಾವನವರ ಮಾತನ್ನೇ ತೆಗೆದುಕೊಳ್ಳೋಣ. ಇದು ಅವರೊಬ್ಬರ ಮಾತಲ್ಲ, ಹಳೇ ಕಾರಿನ ಸುದ್ದಿ ಬಂದ ಕಡೆಯೆಲ್ಲ ಯಾರಾದರೊಬ್ಬರು ಇದನ್ನು ಹೇಳುತ್ತಾರೆ. ಆದರೆ ಇಸವಿ ಇಟ್ಟು ನೋಡಿದರೆ ಮಾತು ನಿಲ್ಲುವುದಿಲ್ಲ. ನಿಮ್ಮ ಕಾರಿನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿದ್ದು 1956ರ ಅಕ್ಟೋಬರ್‌ನಲ್ಲಿ, ನಿಂತಿದ್ದು 1959ರ ಮಾರ್ಚ್‌ನಲ್ಲಿ. ಹಿಂದೂಸ್ತಾನ್ ಮೋಟರ್ಸ್‌ನವರು ಅದಕ್ಕೆ ಅಂಬಾಸಿಡರ್ ಅಂತ ಹೆಸರಿಟ್ಟು ಹೊರತಂದಿದ್ದು 1957–58ರ ಹೊತ್ತಿಗೆ. ಅಂದರೆ ಕಲ್ಕತ್ತಾ ಹತ್ತಿರದ ಉತ್ತರಪಾಡಾ ಕಾರ್ಖಾನೆಯಲ್ಲಿ ಮೊದಲ ಅಂಬಾಸಿಡರ್‌ಗಳು ತಯಾರಾಗುತ್ತಿದ್ದಾಗ ಇಂಗ್ಲೆಂಡಿನ ಷೋರೂಮಿನಲ್ಲೂ ಅದೇ ಕಾರನ್ನು ಹೊಸದು ಅಂತಲೇ ಮಾರುತ್ತಿದ್ದರು. ಯಾರೂ ನಮಗೆ ಹಳಸಿದ್ದನ್ನು ಬಡಿಸಲಿಲ್ಲ. ಅದು ಹಳೆಯದಾಗಿದ್ದು ಆಮೇಲೆ, ನಮ್ಮ ಕೈಯಲ್ಲೇ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ, ಅಲ್ವಾ? ಅಷ್ಟು ಚೆನ್ನಾಗಿದ್ದ ಕಾರನ್ನು ಅಲ್ಲಿ ಎರಡೂವರೆ ವರ್ಷಕ್ಕೇ ಯಾಕೆ ನಿಲ್ಲಿಸಿದರು? ನನ್ನ ಪ್ರಕಾರ ತಪ್ಪು ಕಾರಿನದ್ದಲ್ಲ. ಕಂಪನಿಯ ಒಳಜಗಳ ಮತ್ತು ಆ ಕಾಲದ ಷೋಕಿ, ಇವೆರಡೂ ಸೇರಿ ಅದನ್ನು ಮುಗಿಸಿದವು. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

‘ಆಕ್ಸ್‌ಫರ್ಡ್’ ಅನ್ನುವುದು ಒಂದೇ ಕಾರಿನ ಹೆಸರಲ್ಲ. ವಿಲಿಯಂ ಮಾರಿಸ್ ಆಕ್ಸ್‌ಫರ್ಡ್ ಊರಿನಲ್ಲಿ ಸೈಕಲ್ ರಿಪೇರಿಯಿಂದ ಶುರುಮಾಡಿದವನು. 1913ರಲ್ಲಿ ತನ್ನ ಮೊದಲ ಕಾರಿಗೆ ಊರಿನ ಹೆಸರನ್ನೇ ಇಟ್ಟ. ಕಾರ್ಖಾನೆ ಊರಂಚಿನ ಕೌಲಿಯಲ್ಲಿತ್ತು. ಕೌಲಿ ಅಂತಲೂ ಒಂದು ಕಾರು ಬಂತು. ಮುಂದೆ ಅವನು ಲಾರ್ಡ್ ನಫೀಲ್ಡ್ ಆದ, ಬ್ರಿಟನ್ನಿನ ಅತಿ ದೊಡ್ಡ ಕಾರು ತಯಾರಕರಲ್ಲಿ ಒಬ್ಬನಾದ. ಆಕ್ಸ್‌ಫರ್ಡ್ ಹೆಸರು ಮೂವತ್ತರ ದಶಕದಲ್ಲಿ ಮರೆಗೆ ಸರಿಯಿತು. ಅದನ್ನು ಮತ್ತೆ ಎತ್ತಿಕೊಂಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ.

ಆ ವರ್ಷದ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಯುದ್ಧದ ನಂತರದ ಮೊದಲ ದೊಡ್ಡ ಮೋಟಾರ್ ಪ್ರದರ್ಶನ ನಡೆಯಿತು. ಜನ ನುಗ್ಗಿ ನೋಡಿದರು. ಆದರೆ ಕೊಳ್ಳುವುದು ಸುಲಭವಿರಲಿಲ್ಲ. ಯುದ್ಧದ ಸಾಲದಲ್ಲಿ ಮುಳುಗಿದ್ದ ಬ್ರಿಟಿಷ್ ಸರ್ಕಾರಕ್ಕೆ ಡಾಲರ್ ಬೇಕಿತ್ತು. ಯಾವ ಕಂಪನಿ ಹೊರದೇಶಕ್ಕೆ ಜಾಸ್ತಿ ಕಾರು ಕಳಿಸುತ್ತೋ ಅದಕ್ಕೆ ಜಾಸ್ತಿ ಉಕ್ಕು. ಹೀಗಾಗಿ ಊರಿನವರು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು. ಪೆಟ್ರೋಲ್ ರೇಷನ್ ಇದ್ದಿದ್ದೇ 1950ರ ಮೇ ತಿಂಗಳವರೆಗೆ. ನಮ್ಮಲ್ಲಿ ಆಮೇಲೆ ಅಂಬಾಸಿಡರ್ ಬುಕ್ ಮಾಡಿ ವರ್ಷಗಟ್ಟಲೆ ಕಾದವರಿಗೆ ಈ ಪರಿಸ್ಥಿತಿ ಹೊಸದಾಗಿ ಹೇಳಬೇಕಿಲ್ಲ.

ಅದೇ ಪ್ರದರ್ಶನದಲ್ಲಿ ಮಾರಿಸ್ ಕಂಪನಿ ಮೂರು ಹೊಸ ಕಾರು ಇಟ್ಟಿತ್ತು: ಮೈನರ್, ಆಕ್ಸ್‌ಫರ್ಡ್ ಎಂಒ, ಸಿಕ್ಸ್. ಮೂರೂ ಒಂದೇ ಮನೆಯ ಮುಖ. ಹಿಂದಿದ್ದ ತಲೆ ಅಲೆಕ್ ಇಸಿಗೋನಿಸ್, ಮುಂದೆ ಮಿನಿ ಕಾರು ಮಾಡಿ ಹೆಸರಾದ ಅದೇ ಎಂಜಿನಿಯರ್. ಮೈನರ್ ಅವನ ಕೂಸು. ಆಕ್ಸ್‌ಫರ್ಡ್ ಎಂಒ ಅಂದರೆ ಅದೇ ವಿಚಾರವನ್ನು ಒಂದು ಅಳತೆ ದೊಡ್ಡದು ಮಾಡಿದ್ದು. ಹಳೇ ಕಾಲದ ಹಾಗೆ ಚಾಸಿ ಬೇರೆ, ಬಾಡಿ ಬೇರೆ ಅಂತಿಲ್ಲ, ಬಾಡಿಯ ತಗಡೇ ಭಾರ ಹೊರುತ್ತೆ. ಸ್ಟೇರಿಂಗ್ ರ್‍ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಚಕ್ರ ಹಲ್ಲಿನ ಪಟ್ಟಿಯನ್ನು ನೇರ ತಳ್ಳುವ ಏರ್ಪಾಟು. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕು. ಹಿಂದೆ ಮಾತ್ರ ಮಾಮೂಲಿ ಲೀಫ್ ಸ್ಪ್ರಿಂಗು, ಉಕ್ಕಿನ ಪಟ್ಟಿ ಜೋಡಿಸಿದ್ದು.

ಮುಂದಿನ ಚಕ್ರದ ಸಸ್ಪೆನ್ಷನ್ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ, ಯಾಕಂದರೆ ಇದು ನಿಮ್ಮ ಶೆಡ್ಡಿನಲ್ಲೇ ಇದೆ. ಟಾರ್ಚು ಹಿಡಿದು ಕಾರಿನ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಅಲ್ಲಿ ಸುರುಳಿ ಸ್ಪ್ರಿಂಗ್ ಕಾಣುವುದಿಲ್ಲ. ಅದರ ಬದಲು ಕೆಳಗಿನ ತೋಳಿನಿಂದ ಒಂದು ಉದ್ದದ ಉಕ್ಕಿನ ಸರಳು ನೆಲದ ತಗಡಿನ ಕೆಳಗೆ ಹಿಂದಕ್ಕೆ ಹೋಗಿರುತ್ತೆ. ಅದರ ಹಿಂತುದಿಯನ್ನು ಅಡ್ಡ ತೊಲೆಗೆ ಕಚ್ಚಿಸಿರುತ್ತಾರೆ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ತೋಳು ಮೇಲೆ ಕೆಳಗೆ ಆಡುತ್ತೆ, ಸರಳು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತೆ. ಇದೇ ಟಾರ್ಷನ್ ಬಾರ್. ಕೆಟ್ಟ ರಸ್ತೆಯ ಪೆಟ್ಟು ಎಂಜಿನ್ ಹತ್ತಿರದ ತಗಡಿಗೆ ನೇರ ತಗಲದೆ ಕಾರಿನ ನಡುಭಾಗಕ್ಕೆ ಹೋಗುತ್ತೆ. ವರ್ಷ ಕಳೆದು ಮುಂಭಾಗ ತಗ್ಗಿದರೆ ಸರಳನ್ನು ಹೊಸದಾಗಿ ಕೂರಿಸಿ ಎತ್ತರ ಸರಿಮಾಡಬಹುದು. ನಮ್ಮ ಹಳ್ಳಿ ರಸ್ತೆಯಲ್ಲಿ ಅಂಬಾಸಿಡರ್ ಬಾಳಿದ್ದಕ್ಕೆ ಕಾರಣ ‘ಗಟ್ಟಿ ತಗಡು’ ಅಂತ ಎಲ್ಲರೂ ಹೇಳುತ್ತಾರೆ. ನಾನು ಈ ಸರಳಿಗೆ ಅದಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ.

ಎಂಒದ ಎಂಜಿನ್ ಮಾತ್ರ ಹಳೇ ಕಾಲದ್ದು. 1476 ಸಿಸಿ, ಸೈಡ್ ವಾಲ್ವ್, ಸುಮಾರು 40 ಅಶ್ವಶಕ್ತಿ. ಸೈಡ್ ವಾಲ್ವ್ ಅಂದರೆ ಗಾಳಿ, ಪೆಟ್ರೋಲ್ ಒಳಬಿಟ್ಟು ಹೊಗೆ ಹೊರಬಿಡುವ ವಾಲ್ವುಗಳು ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುತ್ತವೆ. ಮೇಲಿನ ಹೆಡ್ ಸುಮ್ನೆ ಒಂದು ಮುಚ್ಚಳ. ಬಿಚ್ಚಿ ಕಾರ್ಬನ್ ಕೆರೆಯುವುದು ಸುಲಭ, ಆದರೆ ಪೆಟ್ರೋಲ್ ಆವಿ ಸುತ್ತಿ ಬಳಸಿ ಒಳಗೆ ಬರಬೇಕು, ಅದನ್ನು ಒತ್ತಿ ಹಿಂಡುವ ಪ್ರಮಾಣ, ಅಂದರೆ ಕಂಪ್ರೆಷನ್ ಕಡಿಮೆ, ದಮ್ಮೂ ಕಡಿಮೆ. ಗಂಟೆಗೆ 70 ಮೈಲಿ ಮುಟ್ಟುವುದೇ ಅದಕ್ಕೆ ದೊಡ್ಡದು.

ಬ್ರಿಟಿಷ್ ಎಂಜಿನ್‌ಗಳು ಹಾಗೆ ಆಗಿದ್ದಕ್ಕೆ ತೆರಿಗೆಯೂ ಒಂದು ಕಾರಣ. ಯುದ್ಧಕ್ಕೆ ಮುಂಚೆ ಅಲ್ಲಿ ಕಾರಿನ ತೆರಿಗೆಯನ್ನು ‘ಹಾರ್ಸ್ ಪವರ್’ ಲೆಕ್ಕದಲ್ಲಿ ಹಾಕುತ್ತಿದ್ದರು. ನಿಜವಾದ ಶಕ್ತಿ ಅಳೆಯುವ ಗೋಜಿಲ್ಲ. ಸಿಲಿಂಡರಿನ ಅಗಲವನ್ನು ಇಂಚಿನಲ್ಲಿ ತೆಗೆದು ವರ್ಗ ಮಾಡಿ, ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿದರೆ ಮುಗೀತು. ಪಿಸ್ಟನ್ ಎಷ್ಟು ಉದ್ದ ಓಡುತ್ತೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎಲ್ಲರೂ ಸಿಲಿಂಡರನ್ನು ಸಣ್ಣಗೆ, ಉದ್ದಕ್ಕೆ ಮಾಡಿದರು. 1948ರ ಜನವರಿಯಲ್ಲಿ ಸರ್ಕಾರ ಇದನ್ನು ಕಿತ್ತುಹಾಕಿ ಎಲ್ಲ ಹೊಸ ಕಾರಿಗೂ ವರ್ಷಕ್ಕೆ 10 ಪೌಂಡ್ ಅಂತ ಮಾಡಿತು. ಆದರೆ ಆ ಹೊತ್ತಿಗೆ ಎಂಜಿನ್ನಿನ ನಕ್ಷೆ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಎಂಒದ ಸಿಲಿಂಡರ್ ಅಗಲ 73.5 ಮಿಲಿಮೀಟರ್. ಹಳೇ ಲೆಕ್ಕ ಹಾಕಿ ನೋಡಿ, 13.4 ಬರುತ್ತೆ. ಇದೇ ಎಂಒವನ್ನು ನಮ್ಮಲ್ಲಿ ‘ಹಿಂದೂಸ್ತಾನ್ 14’ ಅಂತ ಮಾರಿದರು.

ಎಂಒ ಚೆನ್ನಾಗಿಯೇ ಓಡಿತು. 1954ರವರೆಗೆ ಹತ್ತಿರ ಹತ್ತಿರ 1,60,000 ತಯಾರಾದವು. ಬಹಳ ಜನ ಅಂಬಾಸಿಡರನ್ನು ‘1948ರ ಡಿಸೈನ್’ ಅನ್ನುತ್ತಾರಲ್ಲ, ಅದು ಈ ಕಾರಿನ ಜೊತೆ ಕಲಸಿಕೊಂಡು ಆಡುವ ಮಾತು. ನಿಮ್ಮ ಕಾರಿನ ಬಾಡಿ 1948ರದ್ದಲ್ಲ. ಆ ಬಾಡಿ ಬಂದಿದ್ದು 1954ರಲ್ಲಿ.

ಅಷ್ಟರಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. 1952ರಲ್ಲಿ ಮಾರಿಸ್ ಮತ್ತು ಅದರ ಬದ್ಧ ಎದುರಾಳಿ ಆಸ್ಟಿನ್ ಎರಡೂ ಸೇರಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಆದವು. ಬಿಎಂಸಿ ಅಂತ ಚಿಕ್ಕದಾಗಿ ಕರೆಯೋಣ. ಆಸ್ಟಿನ್ ಕಡೆಯ ಯಜಮಾನ ಲಿಯೊನಾರ್ಡ್ ಲಾರ್ಡ್. ಈತ ಮುಂಚೆ ಮಾರಿಸ್‌ನಲ್ಲೇ ಇದ್ದವನು. 1936ರಲ್ಲಿ ನಫೀಲ್ಡ್ ಜೊತೆ ಜಗಳವಾಡಿ ಹೊರಗೆ ಬಿದ್ದು ಆಸ್ಟಿನ್ ಸೇರಿದ್ದ. ಈಗ ಅದೇ ಲಿಯೊನಾರ್ಡ್ ಎರಡೂ ಕಂಪನಿಯ ಮೇಲೆ ಕೂತ. ನಫೀಲ್ಡ್‌ಗೆ ಗೌರವದ ಪದವಿ ಮಾತ್ರ ಉಳಿಯಿತು. ಕಾಗದದ ಮೇಲೆ ಕಂಪನಿ ಒಂದೇ, ಆದರೆ ಸಂಬಂಧ ಬೆಳೆಸಿದ ಮೇಲೂ ಎರಡು ಮನೆಯವರು ಒಲೆ ಬೇರೆ ಬೇರೆಯೇ ಹಚ್ಚಿದ ಹಾಗಾಯಿತು. ಎರಡು ಕಡೆ ಡ್ರಾಯಿಂಗ್ ಆಫೀಸು, ಎರಡು ಕಡೆ ಡೀಲರ್‌ಗಳು, ಇಬ್ಬರೂ ಒಂದೇ ಗಿರಾಕಿಗೆ ಬಲೆ ಬೀಸುವವರು.

ಇಸಿಗೋನಿಸ್‌ಗೆ ಈ ಗದ್ದಲ ಹಿಡಿಸಲಿಲ್ಲ. 1952ರಲ್ಲೇ ಆಲ್ವಿಸ್ ಕಂಪನಿಗೆ ಹೋಗಿಬಿಟ್ಟ. ಆದರೆ ಅವನ ವಿಚಾರಗಳು ಕೌಲಿಯಲ್ಲೇ ಉಳಿದಿದ್ದವು. 1954ರ ಮೇ ತಿಂಗಳಲ್ಲಿ ಬಂದ ಆಕ್ಸ್‌ಫರ್ಡ್ ಸೀರೀಸ್ 2 ಹೊಸ ಬಾಡಿಯ ಕಾರು: ಉಬ್ಬಿದ ಬೆನ್ನು, ಎತ್ತರದ ಸೂರು, ಒಳಗೆ ಆ ಅಳತೆಯ ಕಾರಿಗೆ ಆಶ್ಚರ್ಯ ಅನ್ನಿಸುವಷ್ಟು ಜಾಗ. ಟಾರ್ಷನ್ ಬಾರ್ ಹಾಗೇ ಇತ್ತು, ಸ್ಟೇರಿಂಗ್ ಹಾಗೇ. ಮುಂದೆ ಒಂದೇ ಉದ್ದ ಸೀಟು. ಅಡ್ಡಿಯಾಗದ ಹಾಗೆ ಗೇರು ಸ್ಟೇರಿಂಗಿನ ಕಂಬದ ಮೇಲೆ. ಈ ಒಂದು ಏರ್ಪಾಟಿನಿಂದಲೇ ಮುಂದೆ ನಮ್ಮ ಟ್ಯಾಕ್ಸಿಯವರು ಡ್ರೈವರ್ ಪಕ್ಕ ಇನ್ನಿಬ್ಬರನ್ನು ಕೂರಿಸಿ ಬದುಕು ಕಟ್ಟಿಕೊಂಡರು.

ಬಾನೆಟ್ ಕೆಳಗೆ ಮಾತ್ರ ಆಸ್ಟಿನ್ ಮನೆಯ ಎಂಜಿನ್. ಬಿ ಸೀರೀಸ್ ಅಂತ ಹೆಸರು, 1489 ಸಿಸಿ, 50 ಅಶ್ವಶಕ್ತಿ. ವಾಲ್ವುಗಳು ಈಗ ಪಿಸ್ಟನ್ನಿನ ನೆತ್ತಿಯ ಮೇಲೆ, ಹೆಡ್ಡಿನಲ್ಲಿ. ಎಂಜಿ ಸ್ಪೋರ್ಟ್ಸ್ ಕಾರಿಗೂ ಇದೇ ಎಂಜಿನ್ನಿನ ವಂಶ. ನಿಮ್ಮ 1961ರ ಕಾರಿನಲ್ಲಿರುವುದೂ ಇದೇ. ಎಂದಾದರೂ ಹೆಡ್ ಬಿಚ್ಚಿಸಿದರೆ ಅದನ್ನು ಮಗುಚಿ ನೋಡಿ. ಉರಿಯುವ ಕೋಣೆ ದುಂಡಗಿರುವುದಿಲ್ಲ, ಎರಡು ವಾಲ್ವುಗಳ ನಡುವೆ ಒಂದು ಮೂತಿ ಒಳಕ್ಕೆ ಚಾಚಿ ಇಸ್ಪೀಟಿನ ಹಾರ್ಟಿನ ಆಕಾರ ಬಂದಿರುತ್ತೆ. ಹ್ಯಾರಿ ವೆಸ್ಲೇಕ್ ಅನ್ನುವ ತಜ್ಞನ ಕೈಚಳಕ ಅದು. ಒಳಗೆ ಬಂದ ಗಾಳಿ ಮತ್ತು ಪೆಟ್ರೋಲ್ ಆ ಮೂತಿಗೆ ಸುತ್ತಿಕೊಂಡು ಚೆನ್ನಾಗಿ ಕಲಸಿ ಉರಿಯಲಿ ಅಂತ. ಒಳಬರುವ ದಾರಿಯಲ್ಲಿ ಮಾತ್ರ ಜಿಪುಣತನ ಮಾಡಿದ್ದಾರೆ: ನಾಲ್ಕು ಸಿಲಿಂಡರಿಗೆ ಎರಡೇ ದಾರಿ, ಇಬ್ಬಿಬ್ಬರು ಹಂಚಿಕೊಳ್ಳಬೇಕು. ಇದು ಓಟಕ್ಕೆ ಹುಟ್ಟಿದ ಎಂಜಿನ್ ಅಲ್ಲ. ಆದರೆ ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ತಾಕತ್ತಿದೆ, ಪೆಟ್ಟು ತಿಂದರೂ ಸುಲಭಕ್ಕೆ ಸಾಯುವುದಿಲ್ಲ.

ಇದೇ ಬಾಡಿಯಲ್ಲಿ 1200 ಸಿಸಿಯ ಸಣ್ಣ ಎಂಜಿನ್ ಹಾಕಿ ಕೌಲಿ ಅಂತ ಮಾರಿದರು. ಮೂತಿ ಉದ್ದ ಮಾಡಿ ಆರು ಸಿಲಿಂಡರಿನ 2639 ಸಿಸಿ ಎಂಜಿನ್ ಕೂರಿಸಿ ಐಸಿಸ್ ಅಂತ ಒಂದು ಮಾಡಿದರು. ಆಕ್ಸ್‌ಫರ್ಡ್ ಊರಿನಲ್ಲಿ ಹರಿಯುವ ಥೇಮ್ಸ್ ನದಿಯನ್ನು ಅಲ್ಲಿನವರು ಕರೆಯುವ ಹೆಸರದು. ಆ ಉದ್ದ ಮೂತಿಯ ಕಾರು 1958ರಲ್ಲೇ ನಿಂತಿತು. ಯಾರೂ ಅಷ್ಟೊಂದು ಅಳಲಿಲ್ಲ.

1956ರ ಅಕ್ಟೋಬರ್‌ನಲ್ಲಿ ಬಂದ ಸೀರೀಸ್ 3 ಇದರದ್ದೇ ತಿದ್ದುಪಡಿ. ನಿಮ್ಮ ತಮ್ಮನ ಫೋಟೋದಲ್ಲಿ ಗುರುತು ಹಿಡಿಯುವುದು ಸುಲಭ. ಸೀರೀಸ್ 2ರ ಬಾನೆಟ್ ನುಣುಪು. ಸೀರೀಸ್ 3ರ ಬಾನೆಟ್ ಮೇಲೆ ಉದ್ದಕ್ಕೆ ಗೀರು ಕೊರೆದ ಹಾಗೆ ಏರಿಳಿತ ಇರುತ್ತೆ. ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಒಂದಿಷ್ಟೇ ಎದ್ದ ಬಾಲ. ಒಳಗೆ ಡ್ಯಾಷ್‌ಬೋರ್ಡ್ ಹೊಸದು. ದುಡ್ಡು ಜಾಸ್ತಿ ಕೊಟ್ಟರೆ ಮ್ಯಾನುಮ್ಯಾಟಿಕ್ ಅನ್ನುವ ಏರ್ಪಾಟು ಹಾಕಿಕೊಡುತ್ತಿದ್ದರು: ಕ್ಲಚ್ ಪೆಡಲೇ ಇಲ್ಲ, ಗೇರ್ ಕಡ್ಡಿಯನ್ನು ಆಡಿಸಿದರೆ ಕ್ಲಚ್ ತಾನೇ ಬಿಡುತ್ತೆ. ಕೇಳುವುದಕ್ಕೆ ಚೆಂದ, ಆದರೆ ತಕರಾರು ಬಹಳ, ಜನ ಒಪ್ಪಲಿಲ್ಲ.

ಹೊತ್ತು ಕೂಡ ಕೆಟ್ಟದಿತ್ತು. ಕಾರು ಷೋರೂಮಿಗೆ ಬಂದ ಕೆಲವೇ ವಾರದಲ್ಲಿ ಸೂಯೆಜ್ ಕಾಲುವೆಯ ಗಲಾಟೆ, ತೈಲ ಬರುವ ದಾರಿಯೇ ಮುಚ್ಚಿತು. ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಮತ್ತೆ ಪೆಟ್ರೋಲ್ ರೇಷನ್, 1957ರ ಮೇ ತನಕ. ಕಾರು ಕೊಳ್ಳುವ ಉತ್ಸಾಹ ಯಾರಿಗಿರುತ್ತೆ?

ಆದರೆ ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಂತು. ಫೋರ್ಡ್ ಕಂಪನಿ 1956ರಲ್ಲಿ ಹೊಸ ಕಾನ್ಸಲ್ ತಂದಿತ್ತು. 1957ರಲ್ಲಿ ವಾಕ್ಸ್‌ಹಾಲ್ ವಿಕ್ಟರ್ ಬಂತು. ಎರಡೂ ಅಮೆರಿಕನ್ ಮಾಲೀಕತ್ವದ ಕಂಪನಿಗಳು. ಕಾರಿನ ಗೆರೆಗಳೂ ಅಮೆರಿಕದ ಕಡೆಯವೇ: ತಗ್ಗು ಸೂರು, ಅಗಲ ಗಾಜು, ಮಿಂಚುವ ಕ್ರೋಮ್. ಅದರ ಪಕ್ಕದಲ್ಲಿ ಆಕ್ಸ್‌ಫರ್ಡ್ ನಿಲ್ಲಿಸಿದರೆ ತಲೆಗೆ ರುಮಾಲು ಸುತ್ತಿದ ಅಜ್ಜ. ಓಡಿಸಿ ನೋಡಿದವರು ಆಕ್ಸ್‌ಫರ್ಡ್‌ನ ತಿರುವಿನ ಹಿಡಿತ, ಸ್ಟೇರಿಂಗ್ ಎಷ್ಟು ನೇರ ಅನ್ನುವುದನ್ನು ಮೆಚ್ಚಿದರು. ಆದರೆ ಷೋರೂಮಿಗೆ ಬಂದವರಲ್ಲಿ ಹೆಚ್ಚಿನವರು ಕಾರನ್ನು ಕಣ್ಣಲ್ಲೇ ಕೊಳ್ಳುತ್ತಾರೆ. ಅಂದು ಹಾಗೆ, ಇಂದೂ ಹಾಗೆ. ಸೀರೀಸ್ 3 ತಯಾರಾಗಿದ್ದು ಸುಮಾರು 58,000 ಮಾತ್ರ.

ಬಿಎಂಸಿಯವರು ಇದಕ್ಕೆ ಕೊಟ್ಟ ಉತ್ತರವೇ ನಿಮ್ಮ ತಮ್ಮ ನೋಡಿದ ಎರಡನೇ ಕಾರು. ಇಟಲಿಯ ಪಿನಿನ್ ಫರೀನಾ ಕೈಯಲ್ಲಿ ಒಂದು ಹೊಸ ಬಾಡಿ ಬರೆಸಿದರು. ನೇರ ಗೆರೆ, ಹಿಂದೆ ಎದ್ದು ನಿಂತ ರೆಕ್ಕೆ. ಒಂದೇ ಬಾಡಿ, ಒಂದೇ 1489 ಸಿಸಿ ಎಂಜಿನ್. ಗ್ರಿಲ್ಲು, ದೀಪ, ಒಳಗಿನ ಮರದ ಪಟ್ಟಿ ಬದಲಿಸಿ ಐದು ಹೆಸರಲ್ಲಿ ಮಾರಿದರು: ವುಲ್ಸ್‌ಲಿ 15/60, ಆಸ್ಟಿನ್ ಎ55 ಕೇಂಬ್ರಿಡ್ಜ್, ಎಂಜಿ ಮ್ಯಾಗ್ನೆಟ್, ರೈಲಿ 4/68, ಜೊತೆಗೆ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 5. ಆಕ್ಸ್‌ಫರ್ಡ್ ಬಂದಿದ್ದು 1959ರ ಮಾರ್ಚ್‌ನಲ್ಲಿ. ಅದೇ ತಿಂಗಳು ನಮ್ಮ ಸೀರೀಸ್ 3 ಮನೆಗೆ ಹೋಯಿತು. (ಸೀರೀಸ್ 4 ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಅದು ಸೀರೀಸ್ 3ರ ಜೊತೆಜೊತೆಗೇ ಇದ್ದ ಟ್ರಾವೆಲರ್, ಡಿಕ್ಕಿಯ ಜಾಗದಲ್ಲೂ ಸೂರು ಇರುವ ಸಾಮಾನು ಕಾರು.)

ಈ ಹೊಸ ಕಾರಿನಲ್ಲಿ ಹೋಗಿದ್ದೇನು ಅಂದರೆ ಇಸಿಗೋನಿಸ್‌ನ ಕೈ. ಟಾರ್ಷನ್ ಬಾರ್ ಹೋಯಿತು, ರ್‍ಯಾಕ್ ಸ್ಟೇರಿಂಗ್ ಹೋಯಿತು. ಕೆಳಗಿನ ಸಾಮಾನೆಲ್ಲ ಆಸ್ಟಿನ್ ಕಡೆಯದ್ದು. ನೋಡುವುದಕ್ಕೆ ಹೊಸದು, ಓಡಿಸಿದರೆ ಹಳೆಯದಕ್ಕಿಂತ ಮಂದ. ಇದನ್ನು ನಾನು ಪಕ್ಷಪಾತದಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆ ಕಾರುಗಳನ್ನು ಪ್ರೀತಿಸುವವರೂ ಇದನ್ನು ಒಪ್ಪುತ್ತಾರೆ. ಎರಡು ಮನೆಯ ಪೈಪೋಟಿಯಲ್ಲಿ ಆಸ್ಟಿನ್ ಗೆದ್ದಿತು, ಮಾರಿಸ್‌ಗೆ ಹೆಸರಿನ ಬಿಲ್ಲೆ ಮಾತ್ರ ಉಳಿಯಿತು. ಹಾಗಂತ ಅದು ಓಡಲಿಲ್ಲ ಅಂತಲ್ಲ. 1961ರಲ್ಲಿ ಎಂಜಿನ್ 1622 ಸಿಸಿಗೆ ಏರಿ ಸೀರೀಸ್ 6 ಆಯಿತು, ರೆಕ್ಕೆಯನ್ನು ಕೊಂಚ ಕತ್ತರಿಸಿದರು, ಡೀಸೆಲ್ ಎಂಜಿನ್ನೂ ಸಿಕ್ಕಿತು. 1971ರವರೆಗೆ ಎರಡು ಲಕ್ಷಕ್ಕೂ ಜಾಸ್ತಿ ತಯಾರಾದವು. ಆಮೇಲೆ ಮಾರಿಸ್ ಮರೀನಾ ಬಂತು, ಆಕ್ಸ್‌ಫರ್ಡ್ ಹೆಸರು ನಿಂತುಹೋಯಿತು. ಫೋಟೋದಲ್ಲಿರುವ ಕಾರಿನ ರೆಕ್ಕೆ ತುಂಬಾ ಚೂಪಾಗಿದ್ದರೆ ಅದು ಸೀರೀಸ್ 5, ತುದಿ ಮೊಂಡಾಗಿದ್ದರೆ ಸೀರೀಸ್ 6.

ಅಲ್ಲಿ ಸೀರೀಸ್ 2, 3 ಕಾಣುವುದು ಅಪರೂಪ ಯಾಕೆ? ತುಕ್ಕು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಅಲ್ಲಿನ ರಸ್ತೆಗೆ ಉಪ್ಪು ಎರಚುತ್ತಾರೆ. ಬಾಡಿಯೇ ಭಾರ ಹೊರುವ ಕಾರಿನಲ್ಲಿ ಬಾಗಿಲ ಕೆಳಗಿನ ಪಟ್ಟಿ, ಟಾರ್ಷನ್ ಬಾರ್ ಕಚ್ಚಿಕೊಂಡ ಅಡ್ಡ ತೊಲೆ ತಿಂದುಹೋದರೆ ಮುಗೀತು. 1960ರಲ್ಲಿ ಸರ್ಕಾರ ಹತ್ತು ವರ್ಷ ದಾಟಿದ ಕಾರುಗಳಿಗೆ ಕಡ್ಡಾಯ ತಪಾಸಣೆ ತಂದಿತು. 1967ರ ಹೊತ್ತಿಗೆ ಮೂರು ವರ್ಷದ ಕಾರಿಗೂ ಅದು ಬಂತು. ಪಾಸು ಮಾಡಿಸಲು ಆಗುವ ಖರ್ಚಿಗಿಂತ ಕಾರಿನ ಬೆಲೆ ಕಡಿಮೆ. ಗುಜರಿಗೆ ಹೋದವು.

ಇನ್ನು ನಮ್ಮ ಕಡೆಯ ಕಥೆ. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ ಶುರುವಾಗಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಉತ್ತರಪಾಡಾಕ್ಕೆ ಬಂತು. ಶುರುವಿನಿಂದಲೂ ಮಾರಿಸ್ ಜೊತೆ ಸಂಬಂಧ. ಎಂಒ ಇಲ್ಲಿ ಹಿಂದೂಸ್ತಾನ್ 14 ಆಯಿತು, ಸೀರೀಸ್ 2 ಲ್ಯಾಂಡ್‌ಮಾಸ್ಟರ್ ಆಯಿತು, ಸೀರೀಸ್ 3 ಅಂಬಾಸಿಡರ್. ನೋಡಿ, ಮೂರು ಸಲವೂ ಅಲ್ಲಿನ ಹೊಸ ಮಾಡೆಲ್ ಬಂದ ಬೆನ್ನಿಗೇ ಇಲ್ಲಿಗೂ ಬಂದಿದೆ. ಮಾವನವರಿಗೆ ಇದನ್ನು ತೋರಿಸಿ.

ಎಂಜಿನ್ ವಿಷಯದಲ್ಲಿ ಮಾತ್ರ ಒಂದು ತಮಾಷೆ ಇದೆ. ಲ್ಯಾಂಡ್‌ಮಾಸ್ಟರ್ ಹೊಸ ಬಾಡಿಯ ಕಾರಾದರೂ ಅದರೊಳಗೆ ಹಿಂದೂಸ್ತಾನ್ 14ರ ಹಳೇ 1476 ಸಿಸಿ ಸೈಡ್ ವಾಲ್ವ್ ಎಂಜಿನ್ನೇ ಇತ್ತು. ಮೊದಲ ಅಂಬಾಸಿಡರ್‌ಗಳಲ್ಲೂ ಅದೇ. ಬಿ ಸೀರೀಸ್ ಎಂಜಿನ್ ಬಂದಿದ್ದು 1959ರಲ್ಲಿ. ಅಂದರೆ ಇಂಗ್ಲೆಂಡಿನಲ್ಲಿ ಸೀರೀಸ್ 3 ನಿಂತ ವರ್ಷ ನಮ್ಮ ಅಂಬಾಸಿಡರ್ ನಿಜವಾಗಿ ಪೂರ್ತಿ ಸೀರೀಸ್ 3 ಆಯಿತು!

ಆಮೇಲೆ ಅದು ಬದಲಾಗದೆ ಅಲ್ಲೇ ನಿಂತುಬಿಟ್ಟಿತು. 1953ರಲ್ಲಿ ಟ್ಯಾರಿಫ್ ಕಮಿಷನ್ (ಸುಂಕದ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಆಯೋಗ) ಶಿಫಾರಸಿನ ಮೇಲೆ, ಬಿಡಿಭಾಗ ತರಿಸಿ ಬರೀ ಜೋಡಿಸುವವರು ಇಲ್ಲಿಂದ ಹೊರಡಬೇಕು, ಇಲ್ಲೇ ತಯಾರಿಸುವವರು ಮಾತ್ರ ಉಳಿಯಬೇಕು ಅಂತಾಯಿತು. ಫೋರ್ಡ್, ಜನರಲ್ ಮೋಟರ್ಸ್ ಹೊರಟವು. ಉಳಿದ ಮೂರು ನಾಲ್ಕು ಕಂಪನಿಗೆ ಪೈಪೋಟಿಯೇ ಇಲ್ಲ. ಹೊಸ ಮಾಡೆಲ್‌ಗೆ ಹೊಸ ಅಚ್ಚು ಬೇಕು, ಅಚ್ಚಿಗೆ ವಿದೇಶಿ ವಿನಿಮಯ ಬೇಕು, ಅದಕ್ಕೆ ದೆಹಲಿಯ ಲೈಸೆನ್ಸ್ ಬೇಕು. ಬುಕ್ ಮಾಡಿದವರು ಹೇಗೂ ಸಾಲಾಗಿ ಕಾಯುತ್ತಿದ್ದರು. ಬದಲಾಯಿಸುವ ಉಸಾಬರಿ ಯಾಕೆ? 1948ರ ಎಂಒದಿಂದ ಹಿಡಿದು 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆ ನಿಲ್ಲುವ ತನಕ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ 97 ಇಂಚು ಇದ್ದದ್ದು ಹಾಗೇ ಇತ್ತು. ಗ್ರಿಲ್ಲು ಬದಲಾಯಿತು, ಮಾರ್ಕ್ 2, 3, 4 ಅಂತ ಬಿಲ್ಲೆ ಬದಲಾಯಿತು. 1980ರ ಹೊತ್ತಿಗೆ ಡೀಸೆಲ್ ಬಂತು, ಅದೂ ಬಿಎಂಸಿಯ ಆ ಹಳೇ 1489 ಸಿಸಿ ಅಳತೆಯದ್ದೇ. ಟ್ಯಾಕ್ಸಿಯವರಿಗೆ ಅದು ದೇವರು ಕೊಟ್ಟ ವರ. ತೊಂಬತ್ತರ ದಶಕದಲ್ಲಿ ಇಸುಜು ಎಂಜಿನ್ ಬಂದ ಮೇಲೆ ಕಾರಿಗೆ ನಿಜವಾದ ದಮ್ಮು ಬಂತು. ಆದರೆ ಅಷ್ಟರಲ್ಲಿ ಮಾರುತಿ ಊರೆಲ್ಲ ತುಂಬಿತ್ತು. ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರ್‌ಗಳೂ ಮೆಲ್ಲಗೆ ಖಾಲಿಯಾದವು. 2017ರಲ್ಲಿ ಆ ಹೆಸರನ್ನೇ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು.

ಅಂದಹಾಗೆ, 1993ರ ಸುಮಾರಿಗೆ ಒಬ್ಬ ವ್ಯಾಪಾರಿ ಅಂಬಾಸಿಡರನ್ನು ಬ್ರಿಟನ್ನಿಗೇ ವಾಪಸ್ ತರಿಸಿ ಮಾರಲು ನೋಡಿದ್ದ. ಹೀಟರ್ ಹಾಕಿಸಿದ, ಸೀಟ್ ಬೆಲ್ಟ್ ಹಾಕಿಸಿದ. ಕೊಂಡವರು ಬೆರಳೆಣಿಕೆ, ಅಂಗಡಿ ಮುಚ್ಚಿತು.

ಈಗ ನಿಮ್ಮ ಕೊನೇ ಪ್ರಶ್ನೆ, ಬಿಡಿಭಾಗ. 1961ರ ಕಾರು ಅಂದರೆ ಬಿ ಸೀರೀಸ್ 1489 ಇರಬೇಕು. ಆದರೆ ಕಾಗದ ನಂಬಬೇಡಿ, ಬಾನೆಟ್ ಎತ್ತಿ ನೋಡಿ. ಹೆಡ್ ಮೇಲೆ ಉದ್ದದ ತಗಡಿನ ರಾಕರ್ ಕವರ್ ಇದ್ದರೆ ಬಿ ಸೀರೀಸ್. ಚಪ್ಪಟೆ ಮುಚ್ಚಳದ ಮೇಲೆ ಪ್ಲಗ್ಗುಗಳು ನೆಟ್ಟಗೆ ನಿಂತಿದ್ದರೆ ಹಳೇ ಸೈಡ್ ವಾಲ್ವ್. ಎಷ್ಟೋ ಕಾರಿನಲ್ಲಿ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ, ಅದನ್ನೂ ನೋಡಿಕೊಳ್ಳಿ.

ಬಿ ಸೀರೀಸ್ ಆಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ತಮ್ಮನಿಗೆ ಹೇಳಿ, ಅಂಗಡಿಯಲ್ಲಿ ‘ಮಾರಿಸ್ ಆಕ್ಸ್‌ಫರ್ಡ್’ ಅಂತ ಮಾತ್ರ ಕೇಳಿದರೆ ಸಾಲದು. ಅದೇ 1489 ಸಿಸಿ ಎಂಜಿನ್ ಇದ್ದ ಎಂಜಿಎ 1500, ಎಂಜಿ ಮ್ಯಾಗ್ನೆಟ್, ಆಸ್ಟಿನ್ ಎ55 ಹೆಸರಲ್ಲೂ ಕೇಳಲಿ. ಎಂಜಿ ಕಾರುಗಳನ್ನು ಸಾಕುವವರು ಅಲ್ಲಿ ಬಹಳ, ಹಾಗಾಗಿ ಗ್ಯಾಸ್ಕೆಟ್, ವಾಲ್ವು, ಟೈಮಿಂಗ್ ಚೈನು, ಎಸ್‌ಯು ಕಾರ್ಬುರೇಟರಿನ ಸಣ್ಣ ಸಾಮಾನುಗಳು ಹೊಸದಾಗಿಯೇ ಸಿಗುತ್ತವೆ. ಪಿಸ್ಟನ್ ಮಾತ್ರ ದುಡುಕಿ ತರಿಸಬೇಡಿ. ಎಂಜಿಎ ಪಿಸ್ಟನ್ನಿನ ಕಂಪ್ರೆಷನ್ ಜಾಸ್ತಿ, ಜೊತೆಗೆ ನಿಮ್ಮ ಬ್ಲಾಕು ಎಷ್ಟು ಸಲ ಬೋರ್ ಆಗಿದೆಯೋ, ಅಂದರೆ ಸವೆದ ಸಿಲಿಂಡರನ್ನು ಎಷ್ಟು ಸಲ ಕೊರೆದು ಅಗಲ ಮಾಡಿದ್ದಾರೋ. ಮೊದಲು ಬಿಚ್ಚಿಸಿ ಅಳತೆ ತೆಗೆಸಿ.

ಬೋಲ್ಟಿನ ಬಗ್ಗೆ ಒಂದು ಎಚ್ಚರಿಕೆ. ಬಿ ಸೀರೀಸ್ ಎಂಜಿನ್ನಿನ ಬೋಲ್ಟಿನ ಮರೆಗಳು (ತಿರುಪಿನ ಗೆರೆಗಳು) ಇಂಚಿನ ಯುಎನ್‌ಎಫ್ ಅಳತೆ. ಎಂಎಂ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆ ಸವೆಯುತ್ತೆ. ಒಂದು ವೇಳೆ ಹಳೇ ಸೈಡ್ ವಾಲ್ವ್ ಸಿಕ್ಕಿದರೆ ಇನ್ನೂ ವಿಚಿತ್ರ. ಕವೆಂಟ್ರಿಯಲ್ಲಿದ್ದ ಮಾರಿಸ್ ಎಂಜಿನ್ ಕಾರ್ಖಾನೆ ಮೊದಲು ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿಯದ್ದು. ಮಾರಿಸ್ ಅದನ್ನು ಕೊಂಡಿದ್ದು 1923ರಲ್ಲಿ. ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್. ಹಾಗಾಗಿ ಅಲ್ಲಿಂದ ಬಂದ ಹಳೇ ಎಂಜಿನ್‌ಗಳಲ್ಲಿ ಮರೆ ಮೆಟ್ರಿಕ್ಕು, ಆದರೆ ಬ್ರಿಟಿಷ್ ಮೆಕ್ಯಾನಿಕ್ಕಿನ ಸ್ಪ್ಯಾನರ್ ಹಿಡಿಯಲಿ ಅಂತ ಬೋಲ್ಟಿನ ತಲೆ ಬ್ರಿಟನ್ನಿನ ಹಳೇ ಇಂಚಿನ ವಿಟ್‌ವರ್ತ್ ಅಳತೆ! ಅಂಥ ಬೋಲ್ಟು ಕಳೆದರೆ ಪೇಟೆಯಲ್ಲಿ ಸಿಗುವುದಿಲ್ಲ, ಒಂದೊಂದನ್ನೂ ಡಬ್ಬಿಯಲ್ಲಿ ಎತ್ತಿಡಿ.

ಬಾಡಿಯ ತಗಡು, ಬಾಗಿಲು, ಗಾಜು ಇಂಗ್ಲೆಂಡಿನಿಂದ ತರಿಸುವ ಯೋಚನೆ ಬಿಡಿ. ಅಲ್ಲಿ ಉಳಿದಿರುವುದೇ ಕಡಿಮೆ, ಸಾಗಣೆ ಖರ್ಚಿನಲ್ಲಿ ಇಲ್ಲಿ ಇನ್ನೊಂದು ಅಂಬಾಸಿಡರ್ ಬರುತ್ತೆ. ಈ ವಿಷಯದಲ್ಲಿ ಅಲ್ಲಿನವರೇ ನಮ್ಮ ಕಡೆ ನೋಡಬೇಕು. ಮುಂದಿನ ಗ್ರಿಲ್ಲು ಮಾತ್ರ ಮೊದಲ ಅಂಬಾಸಿಡರ್, ಅಂದರೆ ಮಾರ್ಕ್ 1ರದ್ದೇ ಹುಡುಕಿ, 1962ರ ನಂತರದ ಚೌಕುಳಿ ಗ್ರಿಲ್ಲು ಹಾಕಿದರೆ ಮುಖ ಕೆಡುತ್ತೆ.

ಹೊಸ ಬ್ಯಾಟರಿ ಹಾಕುವ ಮುಂಚೆ ಒಂದು ಕ್ಷಣ ನಿಲ್ಲಿ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಕಡೆಯನ್ನು ಬಾಡಿಯ ತಗಡಿಗೆ ಅರ್ತ್ ಮಾಡುತ್ತಿದ್ದರು, ಈಗಿನದಕ್ಕೆ ಉಲ್ಟಾ. ನಿಮ್ಮ ಕಾರಿನಲ್ಲಿ ಮೂಲ ವೈರಿಂಗ್ ಹಾಗೇ ಇದೆಯೋ, ನಡುವೆ ಯಾರಾದರೂ ಬದಲಿಸಿದ್ದಾರೋ, ಡೈನಮೊ ಇದೆಯೋ ಆಲ್ಟರ್ನೇಟರ್ ಬಂದಿದೆಯೋ ಹಳೇ ಕೈಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ. ಎಂಜಿನ್ನಿಗೆ ಹೊಸ ಆಯಿಲ್ ಹಾಕಿ, ಪ್ಲಗ್ಗುಗಳನ್ನು ತೆಗೆದು, ಸಿಲಿಂಡರಿಗೆ ಒಂದೊಂದು ಚಮಚ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಆಮೇಲೆ ಬಂಪರಿನ ನಡುವಿನ ತೂತಿನಿಂದ ಹ್ಯಾಂಡಲ್ ತೂರಿಸಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಸರಾಗವಾಗಿ ತಿರುಗಿದರೆ ಮಾತ್ರ ಸೆಲ್ಫ್ ಹೊಡೆಯಿರಿ. ಕಚ್ಚಿಕೊಂಡಿದ್ದರೆ ಬಲವಂತ ಮಾಡದೆ ಹೆಡ್ ಬಿಚ್ಚಿಸಿ.